ಹೊಳೆ ಬರುವುದು ಗೊತ್ತಿದ್ದರೂ

ಮುಂದೆ ಆಗುವುದನ್ನು ಮೊದಲೇ ತಿಳಿಯುವ ಆಸೆ ಮನುಷ್ಯನಿಗೆ ಹುಟ್ಟಿನಿಂದ ಬಂದದ್ದು ಎಂಬ ಮಾತು ಬಳಕೆಯಲ್ಲಿದೆ. ಜ್ಯೋತಿಷಿಯ ಮನೆಯ ಮುಂದೆ ಬಿಟ್ಟ ಚಪ್ಪಲಿಗಳ ಸಾಲು, ಪತ್ರಿಕೆಯ ವಾರಭವಿಷ್ಯ, ಜಾತ್ರೆಯಲ್ಲಿ ಗಿಳಿಶಾಸ್ತ್ರದವನ ಪಂಜರ ಇವೆಲ್ಲ ಆ ಮಾತಿಗೆ ಸಾಕ್ಷಿಯಂತೆ ಕಾಣುತ್ತವೆ. ಆದರೆ ಜನ ಏನನ್ನು ಕೇಳುತ್ತಾರೆ, ಏನನ್ನು ಕೇಳದೆ ಬಿಡುತ್ತಾರೆ ಎಂದು ನೋಡಿದರೆ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಗೆ ಇರುವ ಹೊಳೆಮಣ್ಣೂರ ಮತ್ತು ಅದರ ಆಚೀಚಿನ ಊರುಗಳ ನೆನಪು ಈ ವಿಷಯದಲ್ಲಿ ಬಹಳ ಹೇಳುತ್ತದೆ. ಆ ದಂಡೆಯವರಿಗೆ ಮುಂದಿನದು ಎಂದರೆ ಮೊದಲು ಮಳೆ, ಆಮೇಲೆ ಹೊಳೆ. ಉಳಿದದ್ದೆಲ್ಲ ಇವೆರಡರ ಹಿಂದಿನಿಂದ ಬರುತ್ತದೆ.

ರೋಣ, ನರಗುಂದ, ಗಜೇಂದ್ರಗಡದ ಬಹುಪಾಲು ನೆಲ ಎರೆಭೂಮಿ. ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಹತ್ತಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋಧಿ, ಕುಸುಬಿ. ಹೆಸರು ಬಿತ್ತಬೇಕೋ, ನೆಲವನ್ನು ಹಿಂಗಾರಿ ಜೋಳಕ್ಕೆ ಹಾಗೇ ಬಿಡಬೇಕೋ ಎಂಬ ನಿರ್ಧಾರ ರೋಹಿಣಿ, ಮೃಗಶಿರಾ ಮಳೆಗಳ ಹೊತ್ತಿಗೆ ಆಗಬೇಕು. ಆಗ ತಪ್ಪಿದರೆ ಬೀಜ, ಗೊಬ್ಬರ, ಸಾಲ ಮೂರೂ ಮಣ್ಣುಪಾಲು. ಹೀಗಿರುವಾಗ ಇಲ್ಲಿಯ ಒಕ್ಕಲಿಗ ಮಳೆಯ ಮುನ್ಸೂಚನೆ ಹುಡುಕಿದ್ದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಕೈಯಲ್ಲಿರುವ ಒಂದೇ ಚೀಲ ಬೀಜವನ್ನು ಮಣ್ಣಿಗೆ ಹಾಕುವ ಮುಂಚೆ ಯಾರನ್ನಾದರೂ ಕೇಳಬೇಕು ಅನ್ನಿಸಿದ್ದು ಸಹಜ.

ಕೇಳುವ ಕಾಲ ಯುಗಾದಿ. ಪಾಡ್ಯದ ದಿನ ಗುಡಿಯಲ್ಲಿ ಇಲ್ಲವೆ ಊರ ಹಿರಿಯರ ಕಟ್ಟೆಯ ಮೇಲೆ ಪಂಚಾಂಗ ಓದಿಸುವುದು ಹಳೆಯ ರೂಢಿ. ಈ ಕಡೆಯ ಮಾತಿನಲ್ಲಿ ಅದು ಹೊತ್ತಿಗಿ ತಗಸೂದು. ಆ ವರ್ಷ ಎಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆ ಎಷ್ಟು ಪಾಲು, ಗುಡ್ಡಕ್ಕೆ ಎಷ್ಟು, ಭೂಮಿಗೆ ಎಷ್ಟು, ಯಾವ ಮಳೆಗೆ ಯಾವ ವಾಹನ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಕುದುರೆ, ಕತ್ತೆ, ಕಪ್ಪೆ, ಎಮ್ಮೆ, ನವಿಲು, ಆನೆ ಹೀಗೆ ಒಂದೊಂದು ನಕ್ಷತ್ರದ ಮಳೆ ಒಂದೊಂದನ್ನು ಏರಿ ಬರುತ್ತದೆ. ಕಪ್ಪೆ, ಎಮ್ಮೆ ಬಂದರೆ ಕೇಳುವವರ ಮುಖ ಅರಳುತ್ತಿತ್ತು. ಕತ್ತೆಯ ಹೆಸರು ಬಂದಾಗ ಯಾರೂ ಏನೂ ಆಡುತ್ತಿರಲಿಲ್ಲ. ರಾಶಿಫಲ, ಆಯ–ವ್ಯಯ ಅದಾದ ಮೇಲೆ. ಅವನ್ನು ಹೆಂಗಸರು ಮಕ್ಕಳ ಹೆಸರು ಹೇಳಿ ಕೇಳುತ್ತಿದ್ದರು. ಗಂಡಸರು ಮಳೆಯ ಭಾಗ ಮುಗಿದ ಕೂಡಲೇ ಏಳುತ್ತಿದ್ದರು.

ಗಜೇಂದ್ರಗಡದ ಹತ್ತಿರದ ಕಾಲಕಾಲೇಶ್ವರ ಗುಡಿಯಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಬಗೆಯ ಉತ್ತರ ಸಿಗುತ್ತದೆ. ಗುಡ್ಡದ ಬಂಡೆಗೆ ಆತುಕೊಂಡಂತಿರುವ ಆ ಕ್ಷೇತ್ರವನ್ನು ಜನ ದಕ್ಷಿಣಕಾಶಿ ಎನ್ನುತ್ತಾರೆ. ಯುಗಾದಿಯ ಹಿಂದಿನ ರಾತ್ರಿ ಅಲ್ಲಿ ಸುಣ್ಣ ಮತ್ತು ಕೆಮ್ಮಣ್ಣನ್ನು ಕಲಸಿ ಇಡುತ್ತಾರೆ. ಬೆಳಗಾಗುವುದರೊಳಗೆ ಗುಡಿಗೆ ತಾನಾಗಿ ಬಣ್ಣ ಬಳಿದಿರುತ್ತದೆ ಎಂಬುದು ಭಕ್ತರ ನಂಬಿಕೆ. ಸುಣ್ಣದ ಬಿಳುಪು ಎದ್ದು ಕಂಡರೆ ಹಿಂಗಾರಿ ಬೆಳೆ ಚೆನ್ನ, ಕೆಮ್ಮಣ್ಣಿನ ಕೆಂಪು ಎದ್ದು ಕಂಡರೆ ಮುಂಗಾರಿ ಚೆನ್ನ. ಈ ಓದಿನಲ್ಲಿ ಗಮನಿಸಬೇಕಾದದ್ದು ಒಂದಿದೆ. ಎರಡು ಬಣ್ಣಗಳಲ್ಲಿ ಯಾವುದು ಹೆಚ್ಚಾದರೂ ಒಂದು ಬೆಳೆ ಕೈಗೆ ಬರುತ್ತದೆ. ಎರಡೂ ಹೋಗುತ್ತವೆ ಎಂದು ಹೇಳುವ ಮೂರನೆಯ ಬಣ್ಣವನ್ನು ಯಾರೂ ಕಲಸಿ ಇಡುವುದಿಲ್ಲ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ ಇನ್ನೂ ದೊಡ್ಡ ಸಭೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರಿ ಸದ್ದಲೇ ಎಂದು ಕೂಗಿದೊಡನೆ ಲಕ್ಷಗಟ್ಟಲೆ ಜನರ ಗದ್ದಲ ನಿಂತುಹೋಗುತ್ತದೆ. ಅವನು ನುಡಿಯುವುದು ಒಂದೇ ಸಾಲು, ಅದೂ ಒಗಟಿನ ಹಾಗೆ. ನುಡಿದು ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ. ಕೆಳಗೆ ನಿಂತವರು ಹಿಡಿದುಕೊಳ್ಳುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಇಂಥದೇ ಕಾರ್ಣಿಕ ನಡೆಯುತ್ತದೆ. ಆ ಒಂದು ಸಾಲಿನ ಅರ್ಥವನ್ನು ಜನ ಚಕ್ಕಡಿಯಲ್ಲಿ, ಈಗ ಟ್ರ್ಯಾಕ್ಟರಿನಲ್ಲಿ, ಊರಿಗೆ ಮರಳುವ ದಾರಿಯುದ್ದಕ್ಕೂ ಬಿಡಿಸುತ್ತಾರೆ. ಮಳೆಗೆ ಒಬ್ಬರು ಹಚ್ಚಿದರೆ ರಾಜಕೀಯಕ್ಕೆ ಮತ್ತೊಬ್ಬರು ಹಚ್ಚುತ್ತಾರೆ. ಕಾರ್ಣಿಕ ಇಷ್ಟು ಕಾಲ ಬಾಳಿರುವುದಕ್ಕೆ ಅದರ ಅಸ್ಪಷ್ಟತೆಯೇ ಕಾರಣವಿರಬೇಕು. ಊರಿಗೆಲ್ಲ ಸೇರಿ ಒಂದು ಮಾತು ಸಿಗುತ್ತದೆ, ಯಾರೊಬ್ಬನ ತಲೆಯ ಮೇಲೂ ಅದು ನೇರವಾಗಿ ಬೀಳುವುದಿಲ್ಲ.

ಒಬ್ಬೊಬ್ಬರ ಭವಿಷ್ಯ ಹೇಳುವವರು ಬೇರೆ. ಇವರು ಮನೆಯ ಬಾಗಿಲಿಗೇ ಬರುತ್ತಿದ್ದರು. ಬುಡಬುಡಕಿಯವನು ಇನ್ನೂ ನಸುಕಿರುವಾಗ ಓಣಿಗೆ ಬರುತ್ತಿದ್ದ. ಹಾಲಕ್ಕಿ ನುಡಿದದ್ದನ್ನು ಕೇಳಿಸಿಕೊಂಡು ಬಂದಿದ್ದೇನೆ ಎನ್ನುತ್ತಿದ್ದ. ಆ ಸಣ್ಣ ಡಮರುವಿನ ಸಪ್ಪಳಕ್ಕೆ ಮಕ್ಕಳು ಕೌದಿಯೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದದ್ದು ದಂಡೆಯ ಊರುಗಳ ಒಂದು ತಲೆಮಾರಿನ ಎಲ್ಲರಿಗೂ ನೆನಪಿದೆ. ಕಣಿ ಹೇಳುವ ಹೆಂಗಸು ಬರುತ್ತಿದ್ದದ್ದು ಮಧ್ಯಾಹ್ನ, ಗಂಡಸರು ಹೊಲದಲ್ಲಿರುವಾಗ. ಮೊರದಲ್ಲಿ ಜೋಳ ಹಾಕಿಸಿಕೊಂಡು, ಅಂಗೈ ಹಿಡಿದು ಮಾತು ಶುರುಮಾಡುತ್ತಿದ್ದಳು. ಮಗಳ ಮದುವೆ ಎಂದು, ತವರಿನವರು ಕರೆಯಲು ಬರುವರೇ, ಕಳೆದ ಆಕಳು ಯಾವ ದಿಕ್ಕಿಗಿದೆ, ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ. ಕೇಳುತ್ತಿದ್ದದ್ದು ಇಷ್ಟೇ. ನಾನು ಸಾಯುವುದು ಯಾವಾಗ ಎಂದು ಕೇಳಿದವರು ಯಾರ ನೆನಪಿನಲ್ಲೂ ಇಲ್ಲ. ಕೇಳಿದ್ದರೂ ಆಕೆ ಹೇಳುತ್ತಿರಲಿಲ್ಲ. ಬಹಳವೆಂದರೆ ಕಂಟಕವೊಂದಿದೆ ಎನ್ನುತ್ತಿದ್ದಳು, ಹೇಳಿದ ಬೆನ್ನಿಗೇ ಅದು ಕಳೆಯುವ ದಾರಿಯನ್ನೂ ಸೂಚಿಸುತ್ತಿದ್ದಳು: ಇಂಥ ದೇವರಿಗೆ ಎಣ್ಣೆ, ಇಂಥ ವಾರ ಒಪ್ಪೊತ್ತು. ಪರಿಹಾರವಿಲ್ಲದ ಭವಿಷ್ಯವನ್ನು ಬಾಗಿಲಲ್ಲಿ ನಿಂತು ಹೇಳಿದರೆ ಮೊರದಲ್ಲಿ ಜೋಳ ಬೀಳುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಹೇಳುವವರೂ ಕೇಳುವವರೂ ಸೇರಿ ಕಾಪಾಡಿಕೊಂಡು ಬಂದ ಗಡಿ ಅದು.

ಇದೇ ಗಡಿಯನ್ನು ನಮ್ಮ ಜನಪದರು ಸಹದೇವನ ಕತೆಯಲ್ಲಿಯೂ ಇಟ್ಟಿದ್ದಾರೆ. ಪಾಂಡವರಲ್ಲಿ ಕಿರಿಯನಾದ ಅವನಿಗೆ ಮುಂದಿನದೆಲ್ಲ ಗೊತ್ತು, ಆದರೆ ಯಾರಾದರೂ ಕೇಳಿದರೆ ಮಾತ್ರ ಹೇಳಬೇಕು, ತಾನಾಗಿ ಹೇಳುವಂತಿಲ್ಲ ಎಂಬ ಕಟ್ಟು. ಜೂಜಿಗೆ ಕೂಡುವ ಮುಂಚೆ ಅಣ್ಣ ಅವನನ್ನು ಕೇಳಲಿಲ್ಲ. ಈ ಕತೆ ಹೇಳುವವರು ಸಾಮಾನ್ಯವಾಗಿ ಸಹದೇವನ ಸಂಕಟದ ಬಗ್ಗೆ ಮರುಗುತ್ತಾರೆ. ಅದಕ್ಕಿಂತ ಹೆಚ್ಚು ಕಾಡುವುದು ಧರ್ಮರಾಯನ ಮೌನ. ಎಲ್ಲ ಬಲ್ಲ ತಮ್ಮ ಪಕ್ಕದಲ್ಲೇ ಇದ್ದ, ಅಣ್ಣ ಬಾಯಿ ತೆರೆಯಲಿಲ್ಲ. ಗೊತ್ತಾದರೆ ಆಟ ಬಿಡಬೇಕಾಗುತ್ತದೆ. ಬಿಡಲು ಮನಸ್ಸಿರಲಿಲ್ಲ ಎಂದು ತಿಳಿಯಬಹುದು.

ಈ ಮನಸ್ಸನ್ನು ಈಚೆಗೆ ಎಣಿಸಿ ನೋಡಿದವರಿದ್ದಾರೆ. ಗೆರ್ಡ್ ಗಿಗರೆಂಜರ್ ಮತ್ತು ರೊಸಿಯೊ ಗಾರ್ಸಿಯಾ-ರೆಟಮೆರೊ ಜರ್ಮನಿ ಮತ್ತು ಸ್ಪೇನಿನ 2,000ಕ್ಕೂ ಹೆಚ್ಚು ವಯಸ್ಕರನ್ನು ಕೇಳಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಸಂಗಾತಿಯ ಸಾವು ಯಾವಾಗ, ತನ್ನ ಸಾವು ಯಾವುದರಿಂದ ಎಂಬಂಥ ಕೆಟ್ಟ ಸುದ್ದಿಗಳನ್ನು ಮೊದಲೇ ತಿಳಿಯುವುದು ಬೇಡ ಎಂದವರು ನೂರಕ್ಕೆ 85ರಿಂದ 90. ಒಳ್ಳೆಯ ಸುದ್ದಿಯೂ ಬೇಡ ಎಂದವರು, ಪ್ರಶ್ನೆಗೆ ತಕ್ಕಂತೆ, 40ರಿಂದ 70. ಎಲ್ಲವನ್ನೂ ತಿಳಿಯುತ್ತೇನೆ ಎಂದು ಕೊನೆಯವರೆಗೆ ಪಟ್ಟು ಹಿಡಿದವರು ನೂರಕ್ಕೆ ಒಬ್ಬರು. ಕಣಿ ಹೇಳುವವಳಿಗೆ ಈ ಅಂಕಿಗಳು ಆಶ್ಚರ್ಯ ತರುತ್ತಿರಲಿಲ್ಲ.

ಪ್ರಶ್ನಾವಳಿಗೆ ಕೊಟ್ಟ ಉತ್ತರ ಒಂದು, ನಿಜವಾಗಿ ತಿಳಿಯುವ ಅವಕಾಶ ಎದುರು ಬಂದಾಗ ಮಾಡುವುದು ಇನ್ನೊಂದು. ಹಂಟಿಂಗ್ಟನ್ ಕಾಯಿಲೆಯ ಚರಿತ್ರೆ ಇದನ್ನು ತೋರಿಸುತ್ತದೆ. ನಡುವಯಸ್ಸಿನಲ್ಲಿ ಶುರುವಾಗಿ ಮೈಯ ಹಿಡಿತವನ್ನೂ ಬುದ್ಧಿಯ ಹಿಡಿತವನ್ನೂ ಕಸಿಯುವ ಈ ಕಾಯಿಲೆ ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಅದರ ಜೀನನ್ನು 1993ರಲ್ಲಿ ಗುರುತಿಸಲಾಯಿತು. ರಕ್ತದ ಪರೀಕ್ಷೆಯೊಂದು ಭವಿಷ್ಯವನ್ನು ತಪ್ಪಿಲ್ಲದೆ ಹೇಳಬಲ್ಲ ಕೆಲವೇ ಸಂದರ್ಭಗಳಲ್ಲಿ ಇದು ಒಂದು. ಪರೀಕ್ಷೆ ಬರುವ ಮುಂಚೆ, ಬಂದರೆ ಮಾಡಿಸಿಕೊಳ್ಳುತ್ತೇವೆ ಎಂದವರೇ ಹೆಚ್ಚು. ಬಂದ ಮೇಲೆ ಬಹುತೇಕ ದೇಶಗಳಲ್ಲಿ ಮಾಡಿಸಿಕೊಂಡವರು ಐದರಲ್ಲಿ ಒಂದು ಪಾಲನ್ನೂ ಮುಟ್ಟಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಈ ಪರೀಕ್ಷೆಗೆ ಮೊದಲು ಕೂರಿಸಿ ಮಾತಾಡುವ ಪದ್ಧತಿ ಇದೆ. ತಿಳಿದುಕೊಳ್ಳುವುದು ನಿಜವಾಗಿ ಬೇಕೇ ಎಂಬುದೇ ಆ ಮಾತಿನ ತಿರುಳು. ಕಾಯಿಲೆಗೆ ಬುಡಸಮೇತ ಕಳೆಯುವ ಔಷಧವಿಲ್ಲ. ತಿಳಿದು ಮಾಡುವುದಕ್ಕೆ ಏನೂ ಇಲ್ಲದಿದ್ದಾಗ ತಿಳಿವು ಬರಿಯ ಭಾರ. ಮದುವೆ, ಮಕ್ಕಳು ಎಂಬ ನಿರ್ಧಾರ ಎದುರಿಗಿರುವ ಕೆಲವರು ಮಾತ್ರ ಆ ಭಾರವನ್ನು ಹೊರಲು ಮುಂದೆ ಬಂದರು.

ಜರ್ಮನಿ–ಸ್ಪೇನಿನ ಅಧ್ಯಯನದಲ್ಲಿ ಹೆಚ್ಚಿನವರು ಗೊತ್ತಾಗಲಿ ಎಂದ ಪ್ರಶ್ನೆ ಒಂದೇ ಒಂದು: ಹುಟ್ಟುವ ಮಗು ಗಂಡೋ ಹೆಣ್ಣೋ. ಅದೇ ಪ್ರಶ್ನೆ ನಮ್ಮಲ್ಲಿ ತಂದ ಅನಾಹುತ ದೊಡ್ಡದು. ಕಣಿಯವಳು ಗಂಡು ಎಂದರೂ ಹೆಣ್ಣು ಎಂದರೂ ಬಸುರಿಗೆ ಅದರಿಂದ ಕೇಡಾಗುತ್ತಿರಲಿಲ್ಲ, ಯಾಕೆಂದರೆ ಆ ಮಾತನ್ನು ಪೂರ್ತಿ ನಂಬುವವರು ಕಡಿಮೆ. ಸ್ಕ್ಯಾನಿಂಗ್ ಯಂತ್ರ ಹೇಳಿದ್ದು ನಿಜವಾಗುತ್ತಿತ್ತು. ಭಾರತದಲ್ಲಿ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳ ಸಂಖ್ಯೆ 2001ರಲ್ಲಿ 927ಕ್ಕೆ ಇಳಿಯಿತು. ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾಯ್ದೆ 1994ರಲ್ಲಿಯೇ ಬಂದಿತ್ತು. ರೋಣದ ಸ್ಕ್ಯಾನಿಂಗ್ ಕೇಂದ್ರವಿರಲಿ, ಬೆಂಗಳೂರಿನದಿರಲಿ, ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಗೋಡೆಯ ಮೇಲೆ ಇರಲೇಬೇಕು. ಮುಂದಿನದನ್ನು ತಿಳಿದುಕೊಳ್ಳುವುದನ್ನೇ ಕಾನೂನು ತಪ್ಪೆಂದು ಸಾರಿದ ಅಪರೂಪದ ಪ್ರಸಂಗ ಇದು, ಮತ್ತು ಅದು ಸರಿಯಾಗಿಯೇ ಸಾರಿದೆ.

ಇನ್ನು ಹೊಳೆ. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ 1970ರ ದಶಕದ ಮೊದಲಲ್ಲಿ ಅಣೆಕಟ್ಟು ಮುಗಿದಂದಿನಿಂದ ಕೆಳಗಿನ ದಂಡೆಯವರ ನಾಳೆ ಅದರ ಬಾಗಿಲುಗಳ ಕೈಗೆ ಹೋಯಿತು. ಸುಮಾರು 37 ಟಿಎಂಸಿ ಹಿಡಿಯುವ ಆ ರೇಣುಕಾಸಾಗರ ತುಂಬುವುದು ಅಪರೂಪ. ವರ್ಷಗಟ್ಟಲೆ ನೀರು ಹರಿಯದ ಪಾತ್ರದಲ್ಲಿ ಜಾಲಿಕಂಟಿ ಬೆಳೆಯಿತು, ಕೆಲವೆಡೆ ಹೊಲಗಳೂ ಒಳಕ್ಕೆ ಸರಿದವು, ಹೊಳೆ ಸಣ್ಣದಾಯಿತು. ಹಳ್ಳದಷ್ಟು ಉಳಿದ ಅದನ್ನು ನೋಡುತ್ತ ಬೆಳೆದವರಿಗೆ ಅದು ಮನೆಯೊಳಗೆ ಬರಬಹುದೆಂಬ ಎಣಿಕೆಯೇ ಇರಲಿಲ್ಲ. ಇನ್ನೊಂದು ಕಡೆ ಬೆಣ್ಣಿಹಳ್ಳ. ನರಗುಂದ, ನವಲಗುಂದದ ಎರೆಹೊಲಗಳ ನೀರು ಹೊತ್ತು ರೋಣ ತಾಲ್ಲೂಕಿನ ಮೆಣಸಗಿಯ ಹತ್ತಿರ ಮಲಪ್ರಭೆಗೆ ಕೂಡುವ ಈ ಹಳ್ಳಕ್ಕೆ ಅಣೆಕಟ್ಟು ಇಲ್ಲ. ಮಲಪ್ರಭೆ ಹೇಳಿ ಬರುತ್ತದೆ, ಬೆಣ್ಣಿಹಳ್ಳ ಹೇಳದೆ ಬರುತ್ತದೆ. ಎರಡೂ ಒಟ್ಟಿಗೆ ಬಂದಾಗ ದಂಡೆಯ ಊರುಗಳಿಗೆ ದಿಕ್ಕು ತೋಚುವುದಿಲ್ಲ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾಗಿ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದ ಮಳೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನರ ಜೀವ ತೆಗೆದುಕೊಂಡಿತು. ಮೇಲ್ಮುದ್ದೆಯ ಮಣ್ಣಿನ ಮನೆಗಳು ಮೊದಲು ನೆನೆದವು, ಆಮೇಲೆ ಕುಸಿದವು. ಈ ಕಡೆಯವರು ಅದನ್ನು ಇಸವಿಯಿಂದ ನೆನೆಯುವುದಿಲ್ಲ. ಹೊಳಿ ಬಂದ ವರ್ಷ ಎನ್ನುತ್ತಾರೆ. ಮಕ್ಕಳ ವಯಸ್ಸು, ಮದುವೆ, ಎತ್ತು ಕೊಂಡದ್ದು ಎಲ್ಲಕ್ಕೂ ಅದೇ ಗುರುತು. ಆ ನೀರಿಳಿದ ಮೇಲೆ ಮನೆಮನೆಯಲ್ಲಿ ಟ್ರಂಕು ತೆರೆದು ಒಣಗಲು ಹಾಕಿದ ಕಾಗದಗಳಲ್ಲಿ ರೇಶನ್ ಕಾರ್ಡು, ಹೊಲದ ಉತಾರ, ಶಾಲೆಯ ದಾಖಲೆಗಳ ಜೊತೆ ಮಕ್ಕಳ ಜಾತಕಗಳೂ ಇದ್ದವು. ಮಸಿ ಹಬ್ಬಿ ಮನೆಗಳು ಒಂದರೊಳಗೊಂದು ಕಲಸಿಹೋಗಿದ್ದವು. ಉತಾರವನ್ನು ಎಲ್ಲರೂ ಮತ್ತೆ ತೆಗೆಸಿದರು. ಜಾತಕವನ್ನು ಮತ್ತೆ ಬರೆಸಿದವರು ಮದುವೆಗೆ ಬಂದ ಮಕ್ಕಳಿದ್ದವರು ಮಾತ್ರ.

ಸರ್ಕಾರ ಆಗ ಆಸರೆ ಎಂಬ ಯೋಜನೆ ತಂದಿತು. ದಾನಿಗಳ ನೆರವಿನಿಂದ ಎತ್ತರದ ನೆಲದಲ್ಲಿ ನವಗ್ರಾಮಗಳು ಎದ್ದವು. ಮಲಪ್ರಭೆಯ ದಂಡೆಯ ಜನರಿಗೆ ಅಂದು ಸಿಕ್ಕದ್ದು ಮನೆಯಷ್ಟೇ ಆಗಿರಲಿಲ್ಲ. ಹೊಳೆ ಮತ್ತೆ ಬರುತ್ತದೆ, ಬಂದೇ ಬರುತ್ತದೆ ಎಂಬ ಲಿಖಿತ ಭವಿಷ್ಯವೂ ಆ ಹಕ್ಕುಪತ್ರದ ಜೊತೆ ಸಿಕ್ಕಿತು. ಯಾವ ಪಂಚಾಂಗವೂ ಇಷ್ಟು ಖಚಿತವಾಗಿ ಹೇಳಿರಲಿಲ್ಲ. ಆದರೂ ಹಲವು ನವಗ್ರಾಮಗಳ ಮನೆಗಳಿಗೆ ಬೀಗ ಬಿತ್ತು, ಸುತ್ತ ಜಾಲಿ ಬೆಳೆಯಿತು, ಜನ ಹಳೆಯ ಊರಲ್ಲೇ ಉಳಿದರು.

ಇದನ್ನು ಹಠ ಎಂದವರುಂಟು, ಅಜ್ಞಾನ ಎಂದವರುಂಟು. ಎರಡೂ ಅಲ್ಲ. ಒಕ್ಕಲುತನದ ಮನೆ ಎಂದರೆ ನಾಲ್ಕು ಗೋಡೆಯಲ್ಲ. ಎತ್ತು ಎಮ್ಮೆಗೆ ಕೊಟಗಿ ಬೇಕು, ಮೇವಿಗೆ ಬಣವಿ ಒಟ್ಟುವ ಹಿತ್ತಲು ಬೇಕು, ಕಣ ಬೇಕು, ಕುಳ್ಳು ಒಣಗಿಸುವ ಜಾಗ ಬೇಕು. ಹೊಸ ಮನೆಯ ನಿವೇಶನದಲ್ಲಿ ಇವಕ್ಕೆ ಎಡೆಯಿರಲಿಲ್ಲ. ಹೊಲ ದೂರವಾಯಿತು, ಬೆಳಗಿನ ಬುತ್ತಿ ಹೊತ್ತು ಹೋಗುವ ಹೆಣ್ಣುಮಕ್ಕಳ ಕಾಲಿಗೆ ಆ ದೂರ ದಿನವೂ ಬೀಳುವಂಥದು. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ಆಳದ ಬುನಾದಿಯಿಲ್ಲದೆ ಎದ್ದ ಗೋಡೆ ಬಿರುಕು ಬಿಡುತ್ತದೆ. ಗುಡಿ, ಅಗಸಿ, ಹಿರಿಯರ ಗದ್ದುಗೆ ಎಲ್ಲ ಹಿಂದೆಯೇ ಉಳಿದಿದ್ದವು. ಎಂದೋ ಒಂದು ದಿನ ಬರುವ ನೀರಿಗಾಗಿ ದಿನದಿನದ ಬದುಕನ್ನು ಬಿಡಬೇಕಾದಾಗ ಜನ ದಿನದಿನದ್ದನ್ನೇ ಉಳಿಸಿಕೊಂಡರು. ಅವರು ಮುಂದಿನದನ್ನು ತಿಳಿಯದೆ ಹೀಗೆ ಮಾಡಲಿಲ್ಲ. ತಿಳಿದೂ ಮಾಡಿದರು, ಏಕೆಂದರೆ ತಿಳಿದದ್ದಕ್ಕೆ ತಕ್ಕಂತೆ ನಡೆಯಲು ಬೇಕಾದ ಹಿತ್ತಲು, ಕೊಟಗಿ, ದಾರಿಯನ್ನು ಯಾರೂ ಅವರಿಗೆ ಕೊಟ್ಟಿರಲಿಲ್ಲ. ಭವಿಷ್ಯ ಹೇಳುವುದರ ಜೊತೆ ಪರಿಹಾರವನ್ನೂ ಹೇಳಬೇಕೆಂಬ ಕಣಿಯವಳ ವಿವೇಕ ಇಲ್ಲಿ ಬೇಕಾಗಿತ್ತು.

ಹೊಳೆ 2019ರ ಆಗಸ್ಟಿನಲ್ಲಿ ಮತ್ತೆ ಬಂತು. ನವಿಲುತೀರ್ಥದಿಂದ ಬಿಟ್ಟ ನೀರು ಲಕ್ಷ ಕ್ಯುಸೆಕ್ ಮುಟ್ಟಿತು. ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರದಿಂದ ಹಿಡಿದು ರೋಣ ತಾಲ್ಲೂಕಿನ ಹೊಳೆಆಲೂರು, ಹೊಳೆಮಣ್ಣೂರ, ಗಾಡಗೋಳಿಯವರೆಗೆ ದಂಡೆಯ ಊರುಗಳು ಮುಳುಗಿದವು. ಹತ್ತು ವರ್ಷ ಬೀಗ ಕಂಡಿದ್ದ ನವಗ್ರಾಮದ ಮನೆಗಳ ಬಾಗಿಲು ಆಗ ತೆರೆದವು. ನೀರಿಳಿದ ಮೇಲೆ ಕೆಲವರು ಅಲ್ಲೇ ಉಳಿದರು, ಬಹಳ ಜನ ಕೆಸರು ಬಳಿದು ಹಳೆಯ ಮನೆಗೆ ಮರಳಿದರು. ಮರುವರ್ಷದ ಆಗಸ್ಟಿನಲ್ಲಿಯೂ ಹೊಳೆ ತುಂಬಿತು.

ಆದರೆ 2009ಕ್ಕೂ 2019ಕ್ಕೂ ನಡುವೆ ಒಂದು ಬದಲಾವಣೆ ಆಗಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹವಾಮಾನ ಸಲಹೆ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯತಿ ಮಟ್ಟದಲ್ಲಿ ಅಳೆಯುವ ಮಳೆ, ಜಲಾಶಯದ ಒಳಹರಿವು–ಹೊರಹರಿವಿನ ಅಂಕಿ ಎಲ್ಲವೂ ಮೊಬೈಲಿಗೆ ಬರತೊಡಗಿದವು. ಯುಗಾದಿಯ ಕೊಳಗದ ಲೆಕ್ಕವನ್ನು ಜನ ಈಗಲೂ ಕೇಳುತ್ತಾರೆ, ಕಾಲಕಾಲೇಶ್ವರಕ್ಕೂ ಹೋಗುತ್ತಾರೆ. ಬಿತ್ತುವ ವಾರದಲ್ಲಿ ಮಾತ್ರ ನೋಡುವುದು ಮೊಬೈಲನ್ನೇ. ಗಿಗರೆಂಜರ್ ಅವರ ಅಧ್ಯಯನದಲ್ಲಿ ಸಾವಿನಂಥ ಸಂಗತಿಗೆ ಹತ್ತಿರವಾದಷ್ಟೂ ಜನ ತಿಳಿಯುವುದು ಬೇಡ ಎನ್ನುತ್ತಿದ್ದರು. ಹೊಳೆಯ ವಿಷಯದಲ್ಲಿ ಅದು ತಿರುವುಮುರುವು: ಹತ್ತು ವರ್ಷದಾಚೆಯ ನೀರಿನ ಮಾತೆತ್ತಿದರೆ ವಿಷಯ ಬದಲಿಸುವವರು, ನಾಳೆಯ ನೀರನ್ನು ತಾಸಿಗೊಮ್ಮೆ ಕೇಳುತ್ತಾರೆ. ನಾಳೆಯ ನೀರಿಗೆ ಮಾಡಲು ಕೆಲಸವಿದೆ. ಕಾಳಿನ ಚೀಲ ಅಟ್ಟಕ್ಕೆ ಏರಿಸಬಹುದು, ಮೋಟಾರು ಬಿಚ್ಚಿ ತರಬಹುದು, ಮುದುಕರನ್ನು ಬೀಗರ ಊರಿಗೆ ಕಳಿಸಬಹುದು.

ಶ್ರಾವಣ ಬಂತೆಂದರೆ ಅಗಸಿಯ ಕಟ್ಟೆಯ ಮೇಲೆ ಕುಶಲ ಕೇಳುವ ಮುಂಚೆ ಕೇಳುವುದು ‘ಡ್ಯಾಂ ಎಷ್ಟಾತ?’ ಎಂದು. ರೇಣುಕಾಸಾಗರದ ಪೂರ್ಣಮಟ್ಟ 2,079.50 ಅಡಿ ಎಂಬುದು ಶಾಲೆಗೆ ಹೋಗದ ಮುದುಕರಿಗೂ ಬಾಯಿಪಾಠ. ಅದಕ್ಕೆ ಎರಡು ಅಡಿ ಉಳಿದಿದೆ ಎಂದಾಗ ಮಾತು ಕಡಿಮೆಯಾಗುತ್ತದೆ. ಒಂದು ಅಡಿ ಉಳಿದಿದೆ, ಕಣಕುಂಬಿಯ ಕಡೆ ಮಳೆ ನಿಂತಿಲ್ಲ ಎಂಬ ಸುದ್ದಿ ಬಂದರೆ ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಬಾಗಿಲು ತೆರೆದ ಸುದ್ದಿಗೆ ಕಾಯದೆ ಎಮ್ಮೆಗಳ ಕಣ್ಣಿ ಬಿಚ್ಚಿ ದಿಬ್ಬದ ಕಡೆಗೆ ಹೊಡೆಯುತ್ತಾರೆ.